ಮೂಳೆಗೆ ಹಾಕುವ ಮೆಗ್ನೀಸಿಯಂ ಪಟ್ಟಿ ಮತ್ತು ಲೇಸರ್: ಹತ್ತನೆಯ ತರಗತಿಗೆ ಒಂದು ಪೂರಕ ಪಾಠ

‘ಲೋಹಗಳು ಮತ್ತು ಅಲೋಹಗಳು’ ಘಟಕದಲ್ಲಿ ಲೋಹ ನಶಿಸುವುದನ್ನು ನಾವು ಹಾನಿಯೆಂದೇ ಬೋಧಿಸುತ್ತೇವೆ: ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು. ಅಭ್ಯಾಸ ಬೋಧನೆಯಲ್ಲಿ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದಳು: “ಸರ್, ನಮ್ಮಪ್ಪನ ಕಾಲಿಗೆ ಹಾಕಿರೋ ಪ್ಲೇಟ್ ತೆಗೆಯೋಕೆ ಇನ್ನೊಂದು ಆಪರೇಷನ್ ಆಗಬೇಕಂತೆ. ಅದು ಒಳಗೇ ಕರಗಿಹೋಗಲ್ವಾ?” ಉಕ್ಕು, ಟೈಟಾನಿಯಂ ಪಟ್ಟಿಗಳು ಕರಗುವುದಿಲ್ಲ. ಮೆಗ್ನೀಸಿಯಂ ಕರಗುತ್ತದೆ. ಆದರೆ ಯಾವ ವೇಗದಲ್ಲಿ ಎಂಬುದೇ ಇಲ್ಲಿನ ಸಮಸ್ಯೆ.

ಮೆಗ್ನೀಸಿಯಂ ಏಕೆ?
ಯಂಗ್ ಗುಣಾಂಕ ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂಗೆ 110, ಮೆಗ್ನೀಸಿಯಂಗೆ 45. ಮೂಳೆಯ ಗಟ್ಟಿ ಹೊರಪದರಕ್ಕೆ 20ರ ಆಸುಪಾಸು. ಪಟ್ಟಿ ಅತಿ ಬಿಗಿಯಾಗಿದ್ದರೆ ಭಾರವನ್ನೆಲ್ಲ ತಾನೇ ಹೊರುತ್ತದೆ. ಕೆಲಸವಿಲ್ಲದ ಮೂಳೆ ಸೊರಗುತ್ತದೆ. ಮೆಗ್ನೀಸಿಯಂ ಮೂಳೆಗೆ ಹತ್ತಿರದ ಲೋಹ.

ತೊಡಕು ಎಲ್ಲಿ?
ನೀರಿನೊಡನೆ ಮೆಗ್ನೀಸಿಯಂ ವರ್ತಿಸಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಜನ್ ಉಂಟಾಗುತ್ತವೆ. ಹೈಡ್ರಾಕ್ಸೈಡ್ ಪದರ ಲೋಹವನ್ನು ಸ್ವಲ್ಪ ಕಾಪಾಡುತ್ತದೆ. ದೇಹದ್ರವದ ಕ್ಲೋರೈಡ್ ಅಯಾನುಗಳು ಆ ಪದರವನ್ನೂ ಒಡೆಯುತ್ತವೆ. 24 ಗ್ರಾಂ ಲೋಹದಿಂದ 1 ಮೋಲ್ ಅನಿಲ, ಅಂದರೆ 1 ಗ್ರಾಂಗೆ ಸುಮಾರು 1 ಲೀಟರ್. 1907ರಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬಿನ್ ಲಾಂಬೋಟ್ ಕಾಲಿನ ಮೂಳೆಗೆ ಹಾಕಿದ ಮೆಗ್ನೀಸಿಯಂ ಪಟ್ಟಿ ಎಂಟೇ ದಿನದಲ್ಲಿ ಚೂರಾಗಿ, ಚರ್ಮದಡಿ ಅನಿಲ ತುಂಬಿತು. ಜೊತೆಗಿದ್ದ ಉಕ್ಕಿನ ಮೊಳೆಗಳು ಪಟ್ಟಿಯೊಡನೆ ವಿದ್ಯುತ್ಕೋಶವಾಗಿ ನಶಿಸುವಿಕೆಯನ್ನು ಹೆಚ್ಚಿಸಿದ್ದವು. ಮೂಳೆ ಕೂಡಲು ವಾರಗಳಲ್ಲ, ತಿಂಗಳುಗಳೇ ಬೇಕು.

ಲೇಸರ್ ಏನು ಮಾಡುತ್ತದೆ?
ಇಂಥ ವಿದ್ಯುತ್ಕೋಶಗಳು ಮಿಶ್ರಲೋಹದೊಳಗೂ ಇರುತ್ತವೆ. ‘ಎಜೆಡ್ 91’ರಲ್ಲಿ ಅಲ್ಯೂಮಿನಿಯಂ ಹೆಚ್ಚಿರುವ ಗಂಟುಗಳು ಕ್ಯಾಥೋಡ್‌ನಂತೆ, ಸುತ್ತಲಿನ ಮೆಗ್ನೀಸಿಯಂ ಆನೋಡ್‌ನಂತೆ ವರ್ತಿಸುತ್ತವೆ. ಆರ್ಗಾನ್ ರಕ್ಷಣೆಯಲ್ಲಿ ಲೇಸರ್ ಹಾಯಿಸಿದಾಗ ಮೇಲಿನ ತೆಳು ಪದರ ಮಾತ್ರ ಕರಗುತ್ತದೆ. ಕೆಳಗಿನ ತಣ್ಣನೆಯ ಲೋಹ ಶಾಖವನ್ನು ಹೀರಿ, ಕ್ಷಣಾರ್ಧದಲ್ಲಿ ಅದು ಮತ್ತೆ ಘನವಾಗುತ್ತದೆ. ದೊಡ್ಡ ಗಂಟು ಕಟ್ಟಲು ಸಮಯವೇ ಇಲ್ಲ. ಕಣಗಳು ಸಣ್ಣದಾಗಿ, ಅಲ್ಯೂಮಿನಿಯಂ ಸಮನಾಗಿ ಹರಡಿ, ನಶಿಸುವಿಕೆ ನಿಧಾನವಾಗುತ್ತದೆ. ಆದರೆ ಲೇಸರ್ ಶಕ್ತಿ, ವೇಗ ಹದ ತಪ್ಪಿ ಬಿರುಕು ಬಿಟ್ಟರೆ ಫಲ ತಿರುವುಮುರುವು. ದೇಹದಲ್ಲಿ ಅಲ್ಯೂಮಿನಿಯಂ ಬೇಡವೆಂದು ಸತು, ಕ್ಯಾಲ್ಸಿಯಂ ಬೆರೆಸಿದ ಮಿಶ್ರಲೋಹಗಳ ಮೇಲೂ ಸಂಶೋಧನೆ ನಡೆದಿದೆ.

ತರಗತಿಯಲ್ಲಿ ಗಮನಿಸಬೇಕಾದ ಅಂಶಗಳು
1. ಲೇಸರ್ ಬಣ್ಣದಂತೆ ಮೇಲೆ ಏನನ್ನೂ ಬಳಿಯುವುದಿಲ್ಲ. ಅದೇ ಲೋಹದ ಮೇಲ್ಮೈ ರಚನೆ ಬದಲಾಗುತ್ತದೆ.
2. ಸಕ್ಕರೆ ಪಾಕ ನಿಧಾನವಾಗಿ ಆರಿದರೆ ದಪ್ಪ ಹರಳಿನ ಕಲ್ಲುಸಕ್ಕರೆ, ಬೇಗ ಆರಿದರೆ ಸಣ್ಣ ಹರಳು. ಹೋಲಿಕೆ ಇಷ್ಟಕ್ಕೇ ನಿಲ್ಲಲಿ. ಸಣ್ಣ ಸಕ್ಕರೆ ನೀರಿನಲ್ಲಿ ಬೇಗ ಕರಗುತ್ತದೆ. ಮಕ್ಕಳು ಲೋಹಕ್ಕೂ ಅದನ್ನೇ ಅನ್ವಯಿಸಬಹುದು.
3. ಮರಳು ಕಾಗದದಿಂದ ಉಜ್ಜಿದ ಎರಡು ಸಮ ಉದ್ದದ ಮೆಗ್ನೀಸಿಯಂ ಪಟ್ಟಿಗಳನ್ನು ಸಾದಾ ನೀರು, ಉಪ್ಪುನೀರಿನಲ್ಲಿಟ್ಟು ಮಕ್ಕಳು ಅಂದೂ ಮರುದಿನವೂ ವ್ಯತ್ಯಾಸ ದಾಖಲಿಸಲಿ.
4. ಪಟ್ಟಿ ತೆಗೆಯುವುದು, ಬಿಡುವುದು ವೈದ್ಯರ ತೀರ್ಮಾನ. ಮನೆಗೆ ತಪ್ಪು ಭರವಸೆ ಹೋಗಬಾರದು. ಜರ್ಮನಿಯ ಮೆಗ್ನೀಸಿಯಂ ಮಿಶ್ರಲೋಹದ ಸ್ಕ್ರೂ ಒಂದಕ್ಕೆ 2013ರಲ್ಲಿ ಯುರೋಪಿನ ‘ಸಿಇ’ ಮಾನ್ಯತೆ ಸಿಕ್ಕಿದೆ ಎಂದಷ್ಟೇ ತಿಳಿಸಬಹುದು.

ಮೌಲ್ಯಮಾಪನಕ್ಕೆ ನಾನು ಸೂಚಿಸುವ ಪ್ರಶ್ನೆ: “ಸೇತುವೆಯ ಕಬ್ಬಿಣ ಮತ್ತು ಮೂಳೆಗೆ ಹಾಕುವ ಮೆಗ್ನೀಸಿಯಂ, ಇವೆರಡರಲ್ಲಿ ಯಾವುದರ ನಶಿಸುವಿಕೆಯನ್ನು ಪೂರ್ತಿ ತಡೆಯಬೇಕು, ಯಾವುದನ್ನು ನಿಧಾನಗೊಳಿಸಿದರೆ ಸಾಕು? ಕಾರಣ ಕೊಡಿ.”