ಉತಾರದ ಎರಡನೇ ಪರದೆ

ಬೆಳಗಾವಿ ಜಿಲ್ಲೆಯ ಸದಲಗಾ ಭಾಗದಲ್ಲಿ ಪಹಣಿ ಎಂಬ ಮಾತು ಕಾಗದದ ಮೇಲಷ್ಟೇ ಇದೆ. ಜನರ ಬಾಯಲ್ಲಿರುವುದು ಉತಾರ. ಸಕ್ಕರೆ ಕಾರ್ಖಾನೆಯ ಷೇರಿಗೆ, ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಸಾಲಕ್ಕೆ, ಬೆಳೆವಿಮೆಗೆ, ಅಣ್ಣತಮ್ಮಂದಿರ ವಾಟ್ನಿಗೆ (ಆಸ್ತಿ ಪಾಲಿಗೆ) ಮೊದಲು ಕೇಳುವ ಹಾಳೆ ಅದು. ಮರಾಠಿಯ ‘ಉತಾರಾ’ ಎಂದರೆ ಮೂಲ ದಪ್ತರದಿಂದ ಇಳಿಸಿಕೊಂಡ ನಕಲು. ಮುಂಬೈ ಪ್ರಾಂತದಲ್ಲಿ 1903ರ ಕಾಯ್ದೆ ಹಕ್ಕು ದಾಖಲೆಯನ್ನು ತಂದಿತು. ಮುಂದೆ ಗ್ರಾಮ ನಮೂನೆ 7 ಮತ್ತು 12 ಸೇರಿ ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇಂದಿಗೂ ‘ಸಾತ್‌ಬಾರಾ’ ಎನಿಸಿಕೊಂಡಿವೆ. ಈಚೆಯಲ್ಲಿ 1956ರ ಏಕೀಕರಣ ಬಂತು, 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಬಂತು, ಪಹಣಿಯ ನಮೂನೆ 16 ಬಂತು. ಹಾಳೆ ಬದಲಾಯಿತು, ಹೆಸರು ಮಾತ್ರ ಬದಲಾಗಲಿಲ್ಲ.

ಕುಲಕರ್ಣಿ ವತನಗಳನ್ನು ರದ್ದುಪಡಿಸಿದ ಮುಂಬೈ ರಾಜ್ಯದ 1950ರ ಕಾಯ್ದೆಯಿಂದ ವಂಶಪಾರಂಪರ್ಯದ ಕುಲಕರ್ಣಿಕೆ ಹೋಗಿ ದಪ್ತರ ಸರ್ಕಾರಿ ನೌಕರನ ಕೈಗೆ ಬಂತು. ಜನ ಅವನನ್ನು ತಲಾಠಿ ಎಂದೇ ಕರೆದರು. ದಪ್ತರ ಅವನ ಪೆಟ್ಟಿಗೆಯಲ್ಲಿರುತ್ತಿತ್ತು. ರೈತ ನಂಬರು ಹೇಳಬೇಕಿರಲಿಲ್ಲ. ‘ಹೊಳಿದಂಡಿ ಹೊಲ’, ‘ಹುಣಸಿಮರದ ಪಟ್ಟಿ’ ಎಂದರೆ ಸಾಕು, ತಲಾಠಿ ಪುಟ ತಿರುವುತ್ತಿದ್ದ. ಆ ತಿಳಿವಳಿಕೆಗೆ ಬೆಲೆಯೂ ಇತ್ತು. ದಪ್ತರ ಅವನ ಕಡೆಗೆ ತೆರೆದಿರುತ್ತಿತ್ತು. ನಕಲು ಕೈಗೆ ಬರುವವರೆಗೆ ಅದರಲ್ಲಿ ಏನು ಬರೆದಿದೆ, ಯಾವಾಗ ತಿದ್ದಿದೆ ಎಂಬುದು ಹೊಲದವನಿಗೆ ಕಾಣುತ್ತಿರಲಿಲ್ಲ. ಎಷ್ಟೋ ಸಲ ಆ ನಕಲಿಗೂ ಕೈ ಬಿಸಿ ಮಾಡಬೇಕಿತ್ತು.

ಈ ದಪ್ತರವನ್ನು ಗಣಕಕ್ಕೆ ಏರಿಸುವ ಪ್ರಯತ್ನ 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಶುರುವಾಗಿ ಬಹುಕಾಲ ಕುಂಟಿತು. ಕೆಲಸಕ್ಕೆ ವೇಗ ಬಂದದ್ದು ದಶಕದ ಕೊನೆಗೆ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ತಂತ್ರಾಂಶ ಬರೆಯಿತು, ಯೋಜನೆಗೆ ‘ಭೂಮಿ’ ಎಂದು ಹೆಸರಾಯಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕ ಸೇರಿದವು. ಒಂದೊಂದೇ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಅಮಾನ್ಯವಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಹಾಳೆ ಸಿಗತೊಡಗಿತು. ನೌಕರ ಬೆರಳಚ್ಚು ಕೊಟ್ಟೇ ಗಣಕ ತೆರೆಯಬೇಕು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು ಎಂಬ ಕಟ್ಟುಗಳೂ ಬಂದವು.

ಇವೆಲ್ಲ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳು. ಆದರೆ ಒಂದು ಸಣ್ಣ ಏರ್ಪಾಟು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಭೂಮಿ ಕಿಟಕಿಯಲ್ಲಿ ಒಂದೇ ಗಣಕಕ್ಕೆ ಎರಡು ಪರದೆಗಳಿದ್ದವು: ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ನೌಕರ ಒತ್ತಿದ್ದೆಲ್ಲ ಅದೇ ಕ್ಷಣದಲ್ಲಿ ಆಚೆ ನಿಂತವನಿಗೂ ಕಾಣುತ್ತಿತ್ತು. ತನ್ನ ಹೆಸರಿನಲ್ಲಿ ಅಕ್ಷರ ತಪ್ಪಿದ್ದರೆ, ಎಕರೆ-ಗುಂಟೆ ಹೆಚ್ಚುಕಡಿಮೆಯಾಗಿದ್ದರೆ, ತೀರಿಸಿದ ಸಾಲದ ಬೋಜಾ 11ನೇ ಕಾಲಮ್ಮಿನಲ್ಲಿ ಹಾಗೇ ಕುಳಿತಿದ್ದರೆ ದುಡ್ಡು ಕೊಡುವ ಮೊದಲೇ ಬೆರಳು ತೋರಿಸಿ ಕೇಳಬಹುದಿತ್ತು. ಓದು ಬಾರದವನಾದರೆ ಸರದಿಯಲ್ಲಿ ಹಿಂದೆ ನಿಂತವನು ಓದಿ ಹೇಳುತ್ತಿದ್ದ. ನೂರು ವರ್ಷ ಒಂದೇ ಕಡೆಗೆ ತೆರೆದಿದ್ದ ದಪ್ತರವನ್ನು ಹೊಲದವನ ಕಡೆಗೆ ತಿರುಗಿಸಿದ್ದು ಆ ಎರಡನೇ ಪರದೆ. ಭೂಮಿಯ ಇಡೀ ವಿನ್ಯಾಸದಲ್ಲಿ ಅದಕ್ಕಿಂತ ದೊಡ್ಡ ವಿಚಾರ ಬೇರೊಂದಿಲ್ಲ.

ಯೋಜನೆಗೆ ಆಕ್ಷೇಪಗಳು ಬೇಗನೆ ಬಂದವು. ಹಳ್ಳಿಯಲ್ಲಿದ್ದ ದಾಖಲೆ ತಾಲ್ಲೂಕಿಗೆ ಹೋದಂತೆ ಅಧಿಕಾರವೂ ಮೇಲಕ್ಕೆ ಹೋಯಿತು, ಲಾಭ ದೊಡ್ಡ ಖರೀದಿದಾರರದಾಯಿತು ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಬರೆದರು. ಸದಲಗಾದವರಿಗೆ ತಾಲ್ಲೂಕು ಎಂದರೆ ಚಿಕ್ಕೋಡಿ. ಒಂದು ಹಾಳೆಗೆ ಬಸ್ಸಿನ ಖರ್ಚು, ಒಂದು ದಿನದ ಕೆಲಸ. ಹೋಬಳಿಯ ನಾಡಕಚೇರಿಯಲ್ಲಿ ಉತಾರ ಸಿಗತೊಡಗಿದಾಗ ಆ ಹೊರೆ ಇಳಿಯಿತು. ಅಷ್ಟರಲ್ಲಿ ದಾಖಲೆ ಅಂತರ್ಜಾಲದಲ್ಲಿ, ಭೂಮಿಯ ಜಾಲತಾಣದಲ್ಲೂ ಕಾಣತೊಡಗಿತ್ತು.

ಈ ಜಾಲತಾಣ ದಾಖಲೆಯನ್ನು ಊರಿನ ಕಣ್ಣಿನಿಂದ ನೋಡಲೇ ಇಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದ ಮೇಲೆ ಅದು ಸರ್ವೆ ನಂಬರ್ ಕೇಳುತ್ತದೆ. ಬೆಳಗಾವಿ ಸೀಮೆಯ ಖರೀದಿ ಪತ್ರಗಳಲ್ಲಿ ಆ ನಂಬರು ‘ರಿ.ಸ.ನಂ.’ ಎಂದಿರುತ್ತದೆ. ಆಮೇಲೆ ‘ಸರ್ನೋಕ್’ ಎಂಬ ಖಾನೆ. ಅದನ್ನು ಒತ್ತಿದರೆ ಬಹುತೇಕ ಹೊಲಗಳಿಗೆ ಸಿಗುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ. ಆರಿಸಲು ಬೇರೇನೂ ಇಲ್ಲದಿದ್ದರೂ ಅದನ್ನು ಆರಿಸದೆ ಮುಂದೆ ಹೋಗುವಂತಿಲ್ಲ. ಅದರ ನಂತರ ಹಿಸ್ಸಾ, ಆಮೇಲೆ ಅವಧಿ, ಆಮೇಲೆ ವರ್ಷ. ದಪ್ತರಖಾನೆಯ ಕಪಾಟು ಜೋಡಿಸಿದ ಕ್ರಮವೇ ಹೀಗೆ ತೆರೆಯ ಮೇಲೂ ಬಂದಿದೆ. ನಿಪ್ಪಾಣಿ, ಕಾಗವಾಡ ಹೊಸ ತಾಲ್ಲೂಕುಗಳಾದಾಗ ಚಿಕ್ಕೋಡಿ, ಅಥಣಿಗಳ ಕೆಳಗಿದ್ದ ಊರುಗಳನ್ನು ಬೇರೆ ಪಟ್ಟಿಯಲ್ಲಿ ಹುಡುಕಬೇಕಾಯಿತು. ಹೊಳಿದಂಡಿ ಹೊಲ ಎಂಬ ಹೆಸರಿಗೆ ಯಾವ ಖಾನೆಯೂ ಇಲ್ಲ.

ತಾಣ ಹೊಸ ರೂಪ ತಳೆದಂತೆ ಸೇವೆಗಳು ಹೆಚ್ಚಿದವು: ಹಕ್ಕು ಬದಲಾವಣೆಯ ಸ್ಥಿತಿ, ಹೊಲ ಒಡೆದು ಮಾರುವಾಗ ಬೇಕಾಗುವ 11ಇ ನಕ್ಷೆಯ ಅರ್ಜಿ, ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದೊಂದಿಗೆ ಜೋಡಣೆ. ಇವು ನಿಜವಾದ ಅನುಕೂಲಗಳು, ಅಲ್ಲಗಳೆಯುವಂತಿಲ್ಲ. ಆದರೆ ನೋಡುವ ಹಾಳೆ ಬೇರೆ, ನಡೆಯುವ ಹಾಳೆ ಬೇರೆ ಎಂಬ ಭೇದವೂ ಜೊತೆಗೇ ಬಂತು. ಉಚಿತವಾಗಿ ಕಾಣುವುದು ಮಾಹಿತಿಗೆ ಮಾತ್ರ; ಬ್ಯಾಂಕು ಒಪ್ಪುವ ಪ್ರತಿಗೆ ಮೊಬೈಲ್ ಸಂಖ್ಯೆ, ಒಟಿಪಿ, ಹಣ ಪಾವತಿ. ಅಡ್ಡಡ್ಡ ಹರಡಿಕೊಂಡ ನಮೂನೆ 16ನ್ನು ಅಂಗೈಯಗಲದ ಫೋನಿನಲ್ಲಿ ತೆರೆದರೆ 9ನೇ ಕಾಲಮ್ಮಿನ ಹೆಸರು ಕಾಣುವಾಗ 11ರ ಬೋಜಾ ಕಾಣುವುದಿಲ್ಲ. ಎಳೆದು ಎಳೆದು ನೋಡಬೇಕು. ಹೀಗಾಗಿ ವಯಸ್ಸಾದ ರೈತರು ಕಂಪ್ಯೂಟರ್ ಸೆಂಟರಿಗೋ 2022ರಲ್ಲಿ ಬಂದ ಗ್ರಾಮ ಒನ್ ಸೇವಾ ಕೇಂದ್ರಕ್ಕೋ ಹೋಗುತ್ತಾರೆ. ಅಲ್ಲಿ ಮೇಜಿನ ಮೇಲಿರುವುದು ಒಂದೇ ಪರದೆ, ಅದರ ಮುಖ ಕೂತವನ ಕಡೆಗೆ.

ಇದೇ ಹೊತ್ತಿನಲ್ಲಿ ಉತಾರದೊಳಗೆ ಬರೆಯುವ ಕೈಗಳು ಹೆಚ್ಚಿವೆ. ಬೆಳೆಸಾಲ ಕೊಟ್ಟ ಬ್ಯಾಂಕಿನ ಕೋರಿಕೆ ಆನ್‌ಲೈನ್‌ನಲ್ಲೇ ಬಂದು ಬೋಜಾ ಏರುತ್ತದೆ. ಉಪನೋಂದಣಿ ಕಚೇರಿಯಿಂದ ಖರೀದಿಯ ವಿವರ ತಾನಾಗಿ ಹರಿದುಬರುತ್ತದೆ. ತಲಾಠಿ ಹೊಲ ತಿರುಗಿ ಬರೆಯುತ್ತಿದ್ದ ಬೆಳೆಯ ಕಾಲಮ್ಮಿಗೆ ಈಗ ಸಮೀಕ್ಷೆಯ ಆ್ಯಪ್ ಇದೆ. 2020ರ ಮುಂಗಾರಿನಿಂದ ರೈತನೇ ಫೋಟೊ ತೆಗೆದು ಸೇರಿಸಬಹುದು. ಕಬ್ಬಿರುವ ಹೊಲಕ್ಕೆ ಬೇರೆ ಬೆಳೆ ಬಿದ್ದರೆ ವಿಮೆ, ಪರಿಹಾರಗಳ ಲೆಕ್ಕ ತಪ್ಪುತ್ತದೆ. ಆ ತಪ್ಪು ರೈತನ ಕಣ್ಣಿಗೆ ಬೀಳುವುದು ಹಣ ಕೊಟ್ಟು ಮುದ್ರಿಸಿದ ಹಾಳೆಯನ್ನು ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದಾಗ. ತಿದ್ದುಪಡಿಗೆ ಅರ್ಜಿ ಹಿಡಿದು ಮತ್ತೆ ನಾಡಕಚೇರಿಗೆ ಹೋಗಬೇಕು.