ಗಂಧದ ದ್ವೀಪದ ಗಡಿರೇಖೆ

ಮಲಯ ಭಾಷೆಯಲ್ಲಿ 'ತಿಮುರ್' ಎಂದರೆ ಪೂರ್ವ ದಿಕ್ಕು. ಜಾವಾದಿಂದ ಮೂಡಲಿಗೆ ಹಬ್ಬಿರುವ ದ್ವೀಪಮಾಲೆಯ ಕೊನೆಯ ಭಾಗದಲ್ಲಿರುವ ತಿಮೋರ್ ದ್ವೀಪಕ್ಕೆ ಈ ಹೆಸರು ಅದರ ನೆಲೆಯಿಂದಲೇ ಬಂದುದು. ಸುಮಾರು 12,000 ಚದರ ಮೈಲಿಗಳ ಈ ದ್ವೀಪದ ಪಶ್ಚಿಮಾರ್ಧವು ಇಂಡೋನೇಷ್ಯಕ್ಕೆ ಸೇರಿದೆ. ಪೂರ್ವಾರ್ಧವು ಸ್ವತಂತ್ರ ಗಣರಾಜ್ಯ. ಆ ಗಣರಾಜ್ಯದ ಒಂದು ತುಣುಕಾದ ಓಯೆಕುಸಿ ಮಾತ್ರ ಪಶ್ಚಿಮಾರ್ಧದ ಉತ್ತರ ಕರಾವಳಿಯಲ್ಲಿ, ಮೂರು ಕಡೆ ನೆರೆರಾಜ್ಯದ ನೆಲದಿಂದಲೂ ಒಂದು ಕಡೆ ಕಡಲಿನಿಂದಲೂ ಆವೃತವಾಗಿದೆ.

ಈ ವಿಭಜನೆಗೆ ನಿಸರ್ಗವು ಕಾರಣವಲ್ಲ. ದ್ವೀಪದ ಬೆನ್ನೆಲುಬಾದ ಪರ್ವತಶ್ರೇಣಿಯು ಅದರ ಉದ್ದಕ್ಕೂ ಸಾಗಿದೆ. ಗಡಿಯಾದರೋ ಅಡ್ಡಲಾಗಿ ಕಡಿದಿದೆ. ಭಾಷೆಯೂ ಕಾರಣವಲ್ಲ. ತೇತುನ್ ಮತ್ತು ಬುನಕ್ ಭಾಷೆಗಳನ್ನಾಡುವವರು ಗಡಿಯ ಎರಡು ಬದಿಗಳಲ್ಲಿಯೂ ಇದ್ದಾರೆ. ಓಯೆಕುಸಿಯವರ ನುಡಿಯಾದರೋ ಸುತ್ತಲಿನ ಪಶ್ಚಿಮ ತಿಮೋರಿಗರದೇ.

ಕಾರಣವನ್ನು ಶ್ರೀಗಂಧದಲ್ಲಿ ಅರಸಬೇಕು. ಕನ್ನಡನಾಡಿಗೆ ಕೀರ್ತಿ ತಂದ ಅದೇ ಜಾತಿಯ ಮರ ಈ ದ್ವೀಪದಲ್ಲಿಯೂ ಬೆಳೆಯುತ್ತದೆ. 14ನೆಯ ಶತಮಾನದ ಚೀನೀ ಬರಹಗಳಲ್ಲಿಯೇ ತಿಮೋರಿನ ಗಂಧದ ಉಲ್ಲೇಖವಿದೆ. ಅದನ್ನರಸಿ 16ನೆಯ ಶತಮಾನದಲ್ಲಿ ಪೋರ್ತುಗೀಜರು ಬಂದರು. 1653ರಲ್ಲಿ ಡಚ್ಚರು ಪಶ್ಚಿಮದ ಕುಪಾಂಗಿನಲ್ಲಿ ನೆಲೆಯೂರಿದರು. 1749ರಲ್ಲಿ ಪೆನ್‌ಫುಯಿ ಕದನದಲ್ಲಿ ಪೋರ್ತುಗೀಜ್ ಸಂಬಂಧದ ಮಿಶ್ರಸಂತತಿಯವರಾದ ತೋಪಾಸರು ಸೋತ ಮೇಲೆ ಪಶ್ಚಿಮದಲ್ಲಿ ಡಚ್ಚರ ಕೈ ಮೇಲಾಯಿತು. ಪೋರ್ತುಗೀಜರು 1769ರಲ್ಲಿ ತಮ್ಮ ರಾಜಧಾನಿಯನ್ನು ಓಯೆಕುಸಿಯ ಲಿಫಾವುವಿನಿಂದ ಪೂರ್ವದ ದಿಲಿಗೆ ಸಾಗಿಸಿದರು. ಆದರೂ ಲಿಫಾವುವಿನ ಮೇಲಣ ಹಕ್ಕನ್ನು ಬಿಡಲಿಲ್ಲ. ತುಣುಕು ಉಳಿದುದು ಹೀಗೆ. 1844ರ ವರೆಗೆ ಈ ಪ್ರದೇಶದ ಆಡಳಿತ ಗೋವೆಗೆ ಅಧೀನವಾಗಿತ್ತೆಂಬುದು ನಮ್ಮವರು ಗಮನಿಸತಕ್ಕ ಸಂಗತಿ.

1859ರ ಲಿಸ್ಬನ್ ಒಪ್ಪಂದವು ದ್ವೀಪವನ್ನು ಕಾಗದದ ಮೇಲೆ ಹಂಚಿತು. 1904ರಲ್ಲಿ ಮತ್ತೊಂದು ಒಪ್ಪಂದವಾಯಿತು. ಓಯೆಕುಸಿಯ ಪೂರ್ವದ ಎಲ್ಲೆಯ ವ್ಯಾಜ್ಯ ಹೇಗ್ ನಗರದ ಪಂಚಾಯ್ತಿ ನ್ಯಾಯಾಲಯವನ್ನು ಮುಟ್ಟಿ, 1914ರಲ್ಲಿ ಡಚ್ಚರ ಪರವಾಗಿ ತೀರ್ಮಾನವಾಯಿತು. ಈ ಒಪ್ಪಂದಗಳಿಗೆ ಸಹಿ ಹಾಕಿದವರು ಯುರೋಪಿನ ಎರಡು ಸರಕಾರಗಳು, ತಿಮೋರಿಗರಲ್ಲ.

ಡಚ್ಚರ ಭಾಗವು ಇಂಡೋನೇಷ್ಯದ ಪಾಲಾಯಿತು. ಪೋರ್ತುಗಲ್ಲಿನಲ್ಲಿ 1974ರಲ್ಲಿ ಕ್ರಾಂತಿಯಾದ ಮೇಲೆ ಪೂರ್ವಭಾಗದ ಸ್ವಾತಂತ್ರ್ಯವಾದಿಗಳು 1975ರ ನವೆಂಬರ್ 28ರಂದು ಸ್ವಾತಂತ್ರ್ಯವನ್ನು ಸಾರಿದರು. ಡಿಸೆಂಬರ್ 7ರಂದೇ ಇಂಡೋನೇಷ್ಯದ ಸೈನ್ಯ ದಿಲಿಯನ್ನು ಹೊಕ್ಕಿತು. ಮುಂದಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಕೊಲೆ, ಹಸಿವು, ರೋಗಗಳಿಗೆ ಕನಿಷ್ಠ ಒಂದು ಲಕ್ಷ ಜನ ಬಲಿಯಾದರು. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆಯು ನಡೆಸಿದ ಜನಮತಗಣನೆಯಲ್ಲಿ ನೂರಕ್ಕೆ 78.5ರಷ್ಟು ಮಂದಿ ಇಂಡೋನೇಷ್ಯದೊಳಗಣ ಸ್ವಾಯತ್ತತೆಯನ್ನು ತಿರಸ್ಕರಿಸಿದರು. ಆ ಬಳಿಕ ಊರುಗಳು ಸುಟ್ಟುಹೋದುವು. ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮಕ್ಕೆ ಹೋಗಬೇಕಾಯಿತು. 2002ರ ಮೇ 20ರಂದು ಸ್ವಾತಂತ್ರ್ಯ ಪುನಃಸ್ಥಾಪಿತವಾಯಿತು.

ಹೊಸ ರಾಜ್ಯವು ತೇತುನ್ ಮತ್ತು ಪೋರ್ತುಗೀಜ್ ಭಾಷೆಗಳೆರಡನ್ನೂ ಅಧಿಕೃತವಾಗಿ ಅಂಗೀಕರಿಸಿತು. ಒಂದು ನೆಲದ ನುಡಿ. ಮತ್ತೊಂದು ಆಳಿದವರ ನುಡಿ. ಗಡಿಯ ಕಥೆಯೂ ಹೀಗೆಯೇ. ಪರಕೀಯರು ತಮ್ಮ ಲಾಭಕ್ಕಾಗಿ ಎಳೆದ ಗೆರೆಯೊಳಗೆ ಬೇರೆಯಾದ ಅನುಭವವೊಂದು ಬೆಳೆದು, ಕಡೆಗೆ ಆ ಗೆರೆಯೇ ಒಂದು ಜನಾಂಗಕ್ಕೆ ಪ್ರಾಣಕೊಟ್ಟು ಕಾಯತಕ್ಕ ಮನೆಯ ಎಲ್ಲೆಯಾಯಿತು. ಆದರೆ ಗೆರೆಯ ಆಚೆಗೂ ಈಚೆಗೂ ನಂಟರಿದ್ದಾರೆಂಬುದನ್ನು ಯಾವ ಒಪ್ಪಂದವೂ ಅಳಿಸಲಾರದು.