ಖಳನ ವಾದಕ್ಕೆ ಎದುರು ಕೂರುವವರು ಯಾರು?

ಮಳೆ ಹಿಡಿದು ಕರೆಂಟು ಹೋಯಿತೆಂದರೆ ಮಲೆನಾಡಿನಲ್ಲಿ ಕೆಲಸಕ್ಕೆ ಬರುವುದು ಕಿವಿಯೊಂದೇ. ಕಳಸ, ಕೊಟ್ಟಿಗೆಹಾರ, ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಇಲ್ಲಿಯ ಜನ ಆಸೆಪಟ್ಟು ಕೇಳುತ್ತ ಬಂದಿರುವುದು ಯಾರ ಮಾತನ್ನು? ರಾಮ, ಕೃಷ್ಣರದನ್ನು ಖಂಡಿತ. ಆದರೆ ಅದಕ್ಕಿಂತ ಒಂದು ಕೈ ಹೆಚ್ಚಾಗಿಯೇ ರಾವಣ, ಮಾಗಧ, ಕೌರವರದನ್ನು!

ಮೊಬೈಲಿನ ಕಾಲದಲ್ಲಿ ಈ ಸಾಲಿಗೆ ಹೊರಗಿನ ಖಳರೂ ಬಂದು ಸೇರುತ್ತಿದ್ದಾರೆ. ಘಾಟಿಯಲ್ಲಿ ಸಿಗ್ನಲ್ ಸಿಗದೆಂದು ಮೊದಲೇ ತುಂಬಿಸಿಕೊಂಡು, ಇಯರ್‌ಫೋನ್ ಸಿಕ್ಕಿಸಿ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೇಳಬಹುದಾದ ಇಂಗ್ಲಿಷ್ ವಿಜ್ಞಾನ ನಾಟಕಗಳು ಈಗ ಬೇಕಾದಷ್ಟಿವೆ. ಅವುಗಳ ಖಳರ ಪೈಕಿ ಡಾವ್ರೋಸ್ ಎಂಬವನದು ದೊಡ್ಡ ಹೆಸರು.

ವಿಜ್ಞಾನಿ ರಾಕ್ಷಸನಾದ ಕಥೆ

ಬಿ.ಬಿ.ಸಿ. ಟಿ.ವಿ. 1963ರಲ್ಲಿ ಶುರುಮಾಡಿದ ಕಥಾಮಾಲೆ ‘ಡಾಕ್ಟರ್ ಹೂ’. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ‘ಡಾಕ್ಟರ್’ ಅದರ ನಾಯಕ. 1975ರಲ್ಲಿ ಟೆರ್ರಿ ನೇಷನ್ ಬರೆದ ಕಂತುಗಳಲ್ಲಿ ಡಾವ್ರೋಸ್ ಮೊದಲು ಕಾಣಿಸಿಕೊಂಡ. 1979ರಲ್ಲಿ ಅದೇ ಕಥೆ ಗ್ರಾಮಾಫೋನ್ ತಟ್ಟೆಯಾಗಿ ಬಂತು. 2006ರಲ್ಲಿ ಬಿಗ್ ಫಿನಿಷ್ ಎಂಬ ಸಂಸ್ಥೆ ‘ಐ, ಡಾವ್ರೋಸ್’ ಎಂದು ನಾಲ್ಕು ಭಾಗದ ಶ್ರವ್ಯ ನಾಟಕವನ್ನೇ ಮಾಡಿತು. ಡಾವ್ರೋಸನಿಗೆ ದನಿ ಕೊಟ್ಟವರು ಟೆರ್ರಿ ಮಲಾಯ್.

ಕಥೆ ಇಷ್ಟೆ: ಸ್ಕಾರೋ ಗ್ರಹದಲ್ಲಿ ಕಾಲೆಡ್, ಥಾಲ್ ಎಂಬ ಎರಡು ಜನಾಂಗಗಳ ನಡುವೆ ಮುಗಿಯದ ಯುದ್ಧ. ಮಹತ್ವಾಕಾಂಕ್ಷಿ ತಾಯಿಯ ಮಗ ಡಾವ್ರೋಸ್ ಬುದ್ಧಿವಂತ. ತನ್ನವರು ನಿರ್ನಾಮವಾಗಬಾರದೆಂದು ಅವರ ದೇಹವನ್ನೇ ಬದಲಿಸಿ ಲೋಹದ ಕವಚದೊಳಗೆ ಕೂರಿಸುತ್ತಾನೆ. ಕರುಣೆ ಇದ್ದರೆ ಯುದ್ಧಕ್ಕೆ ಅಡ್ಡಿ ಎಂದು ಅದನ್ನೂ ಕಿತ್ತು ಹಾಕುತ್ತಾನೆ. ಹಾಗೆ ಹುಟ್ಟಿದ ‘ಡಾಲೆಕ್’ಗಳು 1975ರ ಕಥೆಯ ಕೊನೆಗೆ ಅವನ ಮೇಲೆಯೇ ತಿರುಗಿ ಬೀಳುತ್ತವೆ. ವರ ಕೊಟ್ಟವನ ತಲೆಗೇ ಕೈ ಚಾಚಿದ ಭಸ್ಮಾಸುರ ಯಾರಿಗಾದರೂ ನೆನಪಾದರೆ ತಪ್ಪಿಲ್ಲ.

ಡಾಲೆಕ್‌ಗಳ ಕರ್ಕಶ ದನಿ ರಿಂಗ್ ಮಾಡ್ಯುಲೇಟರ್ ಎಂಬ ಸಲಕರಣೆಯ ಕೃಪೆ. ನಟನ ದನಿಯನ್ನು ಇನ್ನೊಂದು ತಗ್ಗಿನ ನಾದದೊಡನೆ ಬೆರೆಸಿದಾಗ ಮಾತು ಅದುರುತ್ತದೆ, ಮನುಷ್ಯತನ ಸೋರಿಹೋಗುತ್ತದೆ. ಟಿ.ವಿ.ಯಲ್ಲಾದರೆ ಇದು ಬಣ್ಣ ಬಳಿದ ಡಬ್ಬ ಎಂದು ನಗಬಹುದು. ಕಿವಿಗೆ ಆ ಸಮಾಧಾನವೂ ಇಲ್ಲ. ಖಳನ ಮುಖವನ್ನು ಕೇಳುವವನೇ ಬರೆದುಕೊಳ್ಳಬೇಕು, ತನಗೆ ಯಾವುದು ಹೆದರಿಕೆಯೋ ಅದನ್ನೇ ಬರೆದುಕೊಳ್ಳುತ್ತಾನೆ.

ನಮ್ಮಲ್ಲಿ ಇದು ಹೊಸತೇ?

ಅಲ್ಲವೇ ಅಲ್ಲ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ತಾಳಮದ್ದಳೆಯದೇ ಕಾರುಬಾರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚಂಡೆ ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು, ಅಷ್ಟೇ. ಮಾತೆಲ್ಲ ಆ ಕ್ಷಣದ್ದು, ಯಾರೂ ಬರೆದುಕೊಟ್ಟದ್ದಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣನಾಗಿಯೋ ಮಾಗಧನಾಗಿಯೋ ಅರ್ಥ ಹೇಳಿದರೆ ‘ಹೌದಲ್ಲ ಮಾರಾಯ್ರೆ, ಇವನು ಹೇಳೋದ್ರಲ್ಲೂ ನ್ಯಾಯ ಇದೆ’ ಎನ್ನಿಸುತ್ತಿತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಯಕ್ಷಗಾನದ ಮಾತು ರೇಡಿಯೋದಲ್ಲೂ ಬಂತು. ಅದಕ್ಕೂ ಮೊದಲು, 1965ರಿಂದ, ಭದ್ರಾವತಿ ಕೇಂದ್ರವಿತ್ತು. ಎಸ್ಟೇಟಿನ ಲೈನ್ ಮನೆಗಳಲ್ಲಿ ಸವೆದ ಸೆಲ್ಲುಗಳನ್ನು ಬಿಸಿಲಿಗಿಟ್ಟು, ಮತ್ತೆ ಹಾಕಿ, ನಾಟಕ ಕೇಳಿದ ತಲೆಮಾರು ಇನ್ನೂ ಇದೆ.

ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ತಾಳಮದ್ದಳೆಯಲ್ಲಿ ಖಳನ ಎದುರು ಇನ್ನೊಬ್ಬ ಕೂತಿರುತ್ತಾನೆ. ‘ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದ್ಯಾವ ಧರ್ಮ?’ ಎಂದು ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ದೇವರೆಂಬ ರಿಯಾಯಿತಿ ಅಲ್ಲಿಲ್ಲ. ಉತ್ತರ ಸಪ್ಪೆಯಾದರೆ ಸಭೆಯಲ್ಲೇ ಗುಸುಗುಸು, ಮರುದಿನ ಚಹಾ ಅಂಗಡಿಯಲ್ಲಿ ಪೂರಾ ವಿಚಾರಣೆ.

1975ರ ಕಥೆಯಲ್ಲಿ ಡಾವ್ರೋಸನಿಗೂ ಅಂಥ ಎದುರಾಳಿ ಇದ್ದ. ಎಲ್ಲ ಜೀವಗಳನ್ನೂ ಕೊಲ್ಲುವ ರೋಗಾಣುವೊಂದು ನಿನ್ನ ಕೈಯಲ್ಲಿದ್ದರೆ ಅದನ್ನು ಬಿಡುತ್ತೀಯಾ ಎಂದು ಡಾಕ್ಟರ್ ಕೇಳುತ್ತಾನೆ. ಡಾವ್ರೋಸ್ ಯೋಚಿಸಿ ಯೋಚಿಸಿ, ಬಿಡುತ್ತೇನೆ ಎನ್ನುತ್ತಾನೆ. ಒಂದೇ ಪ್ರಶ್ನೆಗೆ ಬಣ್ಣ ಬಯಲು! 2006ರ ನಾಟಕದಲ್ಲಿ ಆ ಡಾಕ್ಟರ್ ಬರುವುದೇ ಇಲ್ಲ. ಖಳನ ಕಥೆ, ಖಳನದೇ ಬಾಯಿ. ಕೇಳುವವನ ಕಿವಿಗೆ ಬಿರಡೆ, ಪಕ್ಕದ ಸೀಟಿನವನಿಗೆ ನಿದ್ದೆ. ಎದುರುತ್ತರ ಯಾರು ಕೊಡಬೇಕು?

ಹೂಮಳೆಯ ಗುತ್ತಿಗೆದಾರ

ದೂರದ ಗ್ರಹದ ಉಸಾಬರಿ ನಮಗ್ಯಾಕೆ ಎಂದು ಅಂಗಡಿ ಯಜಮಾನರು ಕೇಳಬಹುದು. ಹಾಗಿದ್ದರೆ ಇದನ್ನೇ ಇಲ್ಲಿಗಿಳಿಸಿ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗಾಗಿ ಕಾಫಿ ಬೆಳೆಗಾರ ಆಕಾಶ ನೋಡುತ್ತಾನೆ. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗಬೇಕು, ಇಲ್ಲದಿದ್ದರೆ ವರ್ಷದ ಲೆಕ್ಕವೇ ತಪ್ಪಿತು. ‘ಮಳೆ ನಾನು ತರಿಸ್ತೀನಿ, ನಮ್ಮ ಜಿಲ್ಲೆಗೆ ಮಾತ್ರ, ಪಕ್ಕದವರ ಚಿಂತೆ ನಿಮಗ್ಯಾಕೆ?’ ಎಂದು ಒಬ್ಬ ವಿಜ್ಞಾನಿ ಬಂದನೆನ್ನಿ. ಮೊದಲ ಕಂತಿನಲ್ಲಿ ಅವನಿಗೆ ಹಾರ ಹಾಕದವರು ಯಾರು? ನಾಲ್ಕನೆಯ ಕಂತಿನ ಹೊತ್ತಿಗೆ ಮೋಡಕ್ಕೆಲ್ಲ ಅವನೇ ಯಜಮಾನ.

ಖಳರು ಶುರುವಾಗುವುದೇ ಹೀಗೆ. ನಾಶ ಮಾಡುತ್ತೇನೆಂದು ಯಾರೂ ಬರುವುದಿಲ್ಲ, ‘ನಮ್ಮವರನ್ನು ಉಳಿಸುತ್ತೇನೆ’ ಎಂದೇ ಬರುತ್ತಾರೆ. ಈ ಮಾತನ್ನು ಗುರುತಿಸಲು ಕಿವಿಗೆ ಅಭ್ಯಾಸ ಬೇಕು. ಆದ್ದರಿಂದ ಡಾವ್ರೋಸನನ್ನು ಧಾರಾಳವಾಗಿ ಕೇಳಲಿ, ಅಡ್ಡಿಯಿಲ್ಲ. ಬಸ್ಸಿಳಿದ ಮೇಲೆ ಯಾರಾದರೊಬ್ಬರ ಮುಂದೆ ಅವನ ವಾದವನ್ನು ಬಾಯಿಬಿಟ್ಟು ಹೇಳಿ, ಅವರು ಕೊಡುವ ಉತ್ತರವನ್ನೂ ಕೇಳಿಸಿಕೊಳ್ಳಲಿ. ತಾಳಮದ್ದಳೆಯ ಊರಿನಲ್ಲಿ ಎದುರು ಕೂರಲು ಒಬ್ಬ ಅರ್ಥಧಾರಿ ಸಿಗದಿದ್ದರೆ ಹೇಗೆ?